ಎಷ್ಟು ಡೈಲಾಗ್ ಇದೆ ಸಾರ್?

ಯಾವುದಾದ್ರೂ ಸಿನಿಮಾ ಯೂನಿಟ್ ಮಡಿಕೇರಿ ಕಡೆ ಬಂದು, ಲೋಕಲ್ ಕಲಾವಿದರು ಬೇಕು ಅಂತ ನಂಗೆ ಫೋನ್ ಮಾಡಿದ್ರೆ ನಾನು ನಾಲ್ಕು ಜನಕ್ಕೆ ಹೇಳ್ತೀನಿ, ಅವರು ಊರಿಗೆಲ್ಲ ಹೇಳ್ತಾರೆ, ಆಮೇಲೆ ಶುರುವಾಗುತ್ತೆ ನೋಡಿ. "ಎಷ್ಟು ಡೈಲಾಗ್ ಇದೆ ಸಾರ್?" ಪಾತ್ರ ಯಾರದ್ದು, ಕಥೆಯೊಳಗೆ ಅವನು ಯಾಕೆ ಬರ್ತಾನೆ, ಯಾರ ಎದುರು ನಿಲ್ಲಬೇಕು, ಇದ್ಯಾವುದೂ ಬೇಡ. ಅಪ್ಪ ಅಮ್ಮಂದಿರು ಇನ್ನೂ ಒಂದು ಕೈ ಮೇಲೆ. "ಡೈಲಾಗ್ ಇಲ್ಲ ಅಂದ್ರೆ ಗೋಣಿಕೊಪ್ಪದಿಂದ ಅಷ್ಟು ದೂರ ಕರ್ಕೊಂಡು ಬರೋದು ದಂಡ ಅಲ್ವಾ ಸಾರ್" ಅಂತ ಒಬ್ಬರು ಕೇಳಿದ್ರು, ಕಾಫಿ ಕುಯ್ಲಿನ ಟೈಮು ಬೇರೆ, ಅವರ ಕಷ್ಟ ಅವರಿಗೆ, ಆದ್ರೂ ನನಗೆ ಸಿಟ್ಟು ಬಂತು.

ನನ್ನ ಕೆಲಸ ಇಷ್ಟೇ. ವಾರಾಂತ್ಯದಲ್ಲಿ ಅಭಿನಯದ ಕ್ಲಾಸ್ ಮಾಡ್ತೀನಿ, ಶೂಟಿಂಗ್ ಬಂದಾಗ ಸಣ್ಣಪುಟ್ಟ ಪಾತ್ರಗಳಿಗೆ ಜನ ಹುಡುಕಿ ಕೊಡ್ತೀನಿ. ಆಡಿಷನ್ನಿಗೆ ಬರೋ ಹುಡುಗರಲ್ಲಿ ಮುಕ್ಕಾಲು ಪಾಲು ಮಿಮಿಕ್ರಿ ತಗೊಂಡು ಬರ್ತಾರೆ. ಒಬ್ಬ ವಜ್ರಮುನಿ ಆಗ್ತಾನೆ, ಇನ್ನೊಬ್ಬ ಶಂಕರ್‌ನಾಗ್ ಥರ ನಡೀತಾನೆ, ಸ್ವಲ್ಪ ಗಂಟಲು ಇರೋರು ಸೀದಾ ಬಬ್ರುವಾಹನಕ್ಕೇ ಕೈ ಹಾಕ್ತಾರೆ. ಅರ್ಜುನನ ದನಿ ಒಂದು, ಮಗನ ದನಿ ಒಂದು, ಗಣೇಶೋತ್ಸವದ ಸ್ಟೇಜಲ್ಲಿ ಶಿಳ್ಳೆ ಗ್ಯಾರಂಟಿ. ನಾನೂ ಚಪ್ಪಾಳೆ ಹೊಡೀತೀನಿ, ಸುಳ್ಳಲ್ಲ, ಆದ್ರೆ ಅದು ಆಡಿಷನ್ ಅಲ್ಲ ಮಾರಾಯ್ರೇ.

ಅಪ್ಪ ಮಗ ಎದುರುಬದುರಾಗೋ ಆ ಸೀನನ್ನೇ ತಗೊಳ್ಳೋಣ. 1977ರ ಸಿನಿಮಾ, ಅರ್ಜುನ ಬಬ್ರುವಾಹನ ಎರಡೂ ರಾಜ್‌ಕುಮಾರ್ ಅವರೇ. ಆಗ ಈಗಿನ ಥರ ಗ್ರಾಫಿಕ್ಸ್ ಎಲ್ಲಿತ್ತು? ಆ ಕಾಲದಲ್ಲಿ ಡಬಲ್ ರೋಲ್ ಅಂದ್ರೆ ಸಾಮಾನ್ಯವಾಗಿ ಕ್ಯಾಮೆರಾ ಕದಲದ ಹಾಗೆ ಕೂರಿಸಿ, ಲೆನ್ಸಿನ ಅರ್ಧ ಮುಚ್ಚಿ ಒಂದು ಬದಿ ಶೂಟ್ ಮಾಡೋದು, ಫಿಲ್ಮ್ ಹಿಂದಕ್ಕೆ ಸುತ್ತಿ ಇನ್ನೊಂದು ಬದಿ ಶೂಟ್ ಮಾಡೋದು, ಇಲ್ಲಾಂದ್ರೆ ಡೂಪ್ ನಿಲ್ಲಿಸಿ ಅವನ ಬೆನ್ನು ತೋರಿಸೋದು. ಅಂದ್ರೆ ಮಾತಾಡೋ ರಾಜ್‌ಕುಮಾರ್ ಎದುರಿಗೆ ಕೇಳಿಸಿಕೊಳ್ಳೋ ರಾಜ್‌ಕುಮಾರ್ ಇರೋದೇ ಇಲ್ಲ, ಖಾಲಿ ಜಾಗ ಇರುತ್ತೆ. ಆ ಖಾಲಿ ಜಾಗದ ಮಾತು ಕೇಳಿ ಮುಖ ಕೆಂಪಾಗಬೇಕು, ಅವಮಾನ ಆಗಬೇಕು, ಅದೂ ಒಂದು ಸಲ ಅಪ್ಪನಾಗಿ ಇನ್ನೊಂದು ಸಲ ಮಗನಾಗಿ. ನಮ್ಮ ಹುಡುಗರು ಎರಡೂ ದನಿ ಬಾಯಿಪಾಠ ಮಾಡಿರ್ತಾರೆ, ಒಂದು ದನಿ ಮುಗಿದು ಇನ್ನೊಂದು ಶುರುವಾಗೋ ಮಧ್ಯೆ ಅವರ ಮುಖದಲ್ಲಿ ಏನೂ ಇರಲ್ಲ, ಉಗುಳು ನುಂಗ್ತಾರೆ ಅಷ್ಟೇ. ರಾಜ್‌ಕುಮಾರ್ ನಟನೆ ಮಾಡಿದ್ದು ಆ ಮಧ್ಯದಲ್ಲೂ.

ಇದನ್ನ ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗಲ್ಲ, ಅದಕ್ಕೇ ಇಲ್ಲಿ ಬಿಡಿಸಿ ಹೇಳ್ತೀನಿ, ಗೊತ್ತಿರೋರು ಬೈಕೋಬೇಡಿ. ಇಬ್ಬರು ಮಾತಾಡೋ ಸೀನು ಅಂದ್ಕೊಳ್ಳಿ. ಮೊದಲು ಇಬ್ಬರನ್ನೂ ಸೇರಿಸಿ ಒಂದು ದೊಡ್ಡ ಶಾಟ್ ತೆಗೀತಾರೆ, ಆಮೇಲೆ ನಿಮ್ಮ ಭುಜದ ಮೇಲಿಂದ ಅವನ ಮುಖ, ಅವನ ಭುಜದ ಮೇಲಿಂದ ನಿಮ್ಮ ಮುಖ, ಇದಕ್ಕೆ ಸಜೆಷನ್ ಅಂತಾರೆ, ಆಮೇಲೆ ಒಬ್ಬೊಬ್ಬರದ್ದೇ ಕ್ಲೋಸಪ್. ನಿಮ್ಮ ಕ್ಲೋಸಪ್ಪಲ್ಲಿ ಕ್ಯಾಮೆರಾ ಪೂರ್ತಿ ಸೀನು ನಿಮ್ಮ ಮೇಲೇ ಓಡ್ತಾ ಇರುತ್ತೆ, ನೀವು ಮಾತಾಡುವಾಗಲೂ ಸೈ, ಸುಮ್ಮನಿರುವಾಗಲೂ ಸೈ. ಆಮೇಲೆ ಎಡಿಟರ್ ಟೇಬಲ್ಲಿಗೆ ಹೋದಾಗ ಅವನು ನೋಡೋದು ಏನು? ಹೀರೋ ಒಂದು ಉದ್ದದ ಮಾತು ಹೇಳ್ತಾನೆ, ಅಷ್ಟೂ ಹೊತ್ತು ಅವನ ಮುಖವನ್ನೇ ತೋರಿಸಿದ್ರೆ ಜನಕ್ಕೆ ಬೋರಾಗುತ್ತೆ, ಆ ಮಾತು ಯಾರಿಗೆ ತಾಗಿತು ಅಂತ ತೋರಿಸಬೇಕು, ಅದಕ್ಕೆ ಕೇಳೋನ ಮುಖ ಹುಡುಕ್ತಾನೆ. ಅಲ್ಲಿ ನೀವು ಕೇಳ್ತಾ ಇದ್ರೆ ಉಳ್ಕೊಂಡ್ರಿ. ನಿಮ್ಮ ಮುಂದಿನ ಡೈಲಾಗ್ ಮನಸಲ್ಲೇ ಉರು ಹೊಡೀತಾ ನಿಂತಿದ್ರೆ ಅದು ಕಣ್ಣಲ್ಲಿ ಕಾಣುತ್ತೆ, ಎಡಿಟರ್ ನಿಮ್ಮನ್ನ ಬಿಟ್ಟು ಗೋಡೆ ಮೇಲಿನ ಫೋಟೋ ಹಾಕ್ತಾನೆ. ಎಷ್ಟೋ ಸಲ ನಿಮ್ಮ ಕ್ಲೋಸಪ್ ತೆಗೆಯೋ ಹೊತ್ತಿಗೆ ಎದುರಿನ ದೊಡ್ಡ ಕಲಾವಿದರು ಕ್ಯಾರವಾನಿಗೆ ಹೋಗಿರ್ತಾರೆ, ಅಸಿಸ್ಟೆಂಟ್ ಡೈರೆಕ್ಟರ್ ಪೇಪರ್ ಹಿಡ್ಕೊಂಡು ಅವರ ಮಾತನ್ನ ರೇಷನ್ ಪಟ್ಟಿ ಓದಿದ ಹಾಗೆ ಓದ್ತಾ ಇರ್ತಾನೆ. ಅದಕ್ಕೆ ನೀವು ಅಳಬೇಕು. ಕಷ್ಟದ ಕೆಲಸ ಅದು.

ಮಡಿಕೇರಿ ದಸರಾಕ್ಕೆ ದಶಮಂಟಪ, ಅಂದ್ರೆ ಯಂತ್ರದಲ್ಲಿ ಆಡೋ ಬೊಂಬೆಗಳನ್ನ ಹೊತ್ತು ಮೆರವಣಿಗೆ ಬರೋ ಹತ್ತು ದೇವಸ್ಥಾನಗಳ ಮಂಟಪ, ನೋಡಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ಮಂಟಪದ ಮೇಲೆ ದೇವಿ ಶೂಲ ಎತ್ತುತ್ತಾಳೆ, ರೆಕಾರ್ಡಲ್ಲಿ ಗುಡುಗು ಬರುತ್ತೆ, ಹೊಗೆ ಬರುತ್ತೆ, ರಾಕ್ಷಸ ಮಾತ್ರ ತನ್ನ ಸ್ವಿಚ್ ಒತ್ತೋವರೆಗೆ ಬಾಯಿ ತೆರ್ಕೊಂಡು ಹಾಗೇ ನಿಂತಿರ್ತಾನೆ, ಒತ್ತಿದ ಮೇಲೆ ಕತ್ತು ತಿರುಗಿಸ್ತಾನೆ. ಮಂಟಪಕ್ಕೆ ಅದು ಚಂದ, ರಾತ್ರಿಯೆಲ್ಲ ನಿಂತು ನೋಡ್ತೀವಿ. ನಮ್ಮ ಹುಡುಗರು ಆಡಿಷನ್ನಲ್ಲಿ ಆ ರಾಕ್ಷಸನ ಹಾಗೇ ನಿಂತಿರ್ತಾರೆ.

ಕೇಳಿಸಿಕೊಳ್ಳೋದು ಅಂದಾಗ ನಾನು ಕ್ಲಾಸಲ್ಲಿ ಯಾವಾಗ್ಲೂ ತೆಗೆಯೋ ಹೆಸರು ಟಿ.ಎನ್. ಬಾಲಕೃಷ್ಣ. ಅವರಿಗೆ ಕಿವಿ ಸರಿಯಾಗಿ ಕೇಳಿಸ್ತಿರಲಿಲ್ಲ, ಎದುರಿನೋರ ತುಟಿ ನೋಡಿ ಮಾತು ಹಿಡೀತಿದ್ರು. ಹಾಗಿದ್ದೂ 1940ರ ದಶಕದಲ್ಲಿ ಶುರು ಮಾಡಿದೋರು ತೊಂಬತ್ತರ ದಶಕದವರೆಗೆ, ಹೆಚ್ಚುಕಮ್ಮಿ ಅರ್ಧ ಶತಮಾನ, ನೂರಾರು ಸಿನಿಮಾ ಮಾಡಿದ್ರು. ಕಸ್ತೂರಿ ನಿವಾಸದ ರಾಮಯ್ಯ, ಬಂಗಾರದ ಮನುಷ್ಯದ ರಾಚೂಟಪ್ಪ, ಇವೆಲ್ಲ ರಾಜ್‌ಕುಮಾರ್ ಪಕ್ಕದಲ್ಲಿ ನಿಂತ ಪಾತ್ರಗಳು, ಆದ್ರೂ ಹೆಸರಿಟ್ಟು ನೆನಪಿಸಿಕೊಳ್ತೀವಿ. ಈಗ ಒಂದು ಸಲ ಆ ಸಿನಿಮಾಗಳನ್ನ ಹಾಕ್ಕೊಂಡು ಬಾಲಣ್ಣನ ಕಣ್ಣು ಮಾತ್ರ ನೋಡಿ. ಎದುರಿನೋರ ಮುಖದಿಂದ ಕಣ್ಣು ಕೀಳಲ್ಲ ಅವರು, ಕೀಳೋ ಹಾಗೂ ಇಲ್ಲ, ಕಿತ್ತರೆ ಮಾತು ತಪ್ಪಿ ಹೋಗುತ್ತೆ. ಅವರ ನಟನೆಗೆ ಇದೇ ಕಾರಣ ಅಂತ ನಾನು ಸರ್ಟಿಫಿಕೇಟ್ ಕೊಡಲ್ಲ, ಕಂಪನಿ ನಾಟಕದ ಪಳಗಿದ ಕೈ ಅದು, ಹಾಸ್ಯಕ್ಕೂ ಸೈ ಕೇಡಿಗೂ ಸೈ. ಆದ್ರೆ ಕಿವಿ ಚೆನ್ನಾಗಿರೋ ನಮ್ಮ ಹುಡುಗರು ಎದುರಿನೋನ ಮುಖವನ್ನೇ ನೋಡಲ್ಲ ಅಂದ್ರೆ ಏನು ಹೇಳೋದು.

ನಮ್ಮೂರಿನ ಪಾತ್ರವೇ ಬೇಕಂದ್ರೆ ಕರ್ನಲ್ ಸುಬ್ಬಯ್ಯ ಇದ್ದಾರಲ್ಲ. ಮುಂಗಾರು ಮಳೆ ಬಂದಿದ್ದು 2006ರ ಡಿಸೆಂಬರ್ ಕೊನೆಗೆ, ಅದರಲ್ಲಿ ಅನಂತ್‌ನಾಗ್ ಮಡಿಕೇರಿಯ ರಿಟೈರ್ಡ್ ಕರ್ನಲ್, ಕಿವಿ ಮಂದ. ಟೂರಿಸ್ಟುಗಳು ಇವತ್ತಿಗೂ ಆ ಮಳೆ, ಆ ಮೊಲ, ಆ ಹಾಡು ಅಂತ ಬರ್ತಾರೆ, ನಮ್ಮ ಕ್ಲಾಸಿನೋರು ಆ ಕರ್ನಲ್ ಮಾಡ್ತೀನಿ ಅಂತ ಬರ್ತಾರೆ. ಮಾಡೋದು ಹೇಗೆ? ಮೀಸೆ ತಿರುವಿ, ಎದೆ ಉಬ್ಬಿಸಿ, ಕೋವಿ ಹಿಡಿದ ಹಾಗೆ ಕೈ ಮಾಡಿ ಕಿರುಚೋದು. ಅಲ್ರಯ್ಯಾ, ಕೊಡಗಲ್ಲಿ ಮನೆಗೊಬ್ಬರು ಮಿಲಿಟರಿಯೋರು. ನಿಮ್ಮ ಮಾವನೋ ಚಿಕ್ಕಪ್ಪನೋ ಸುಬೇದಾರ್ ಆಗಿ ಬಂದಿರ್ತಾರೆ. ಯಾರು ಹಾಗೆ ಕಿರುಚ್ತಾರೆ? ನಾನು ನೋಡಿದೋರೆಲ್ಲ ಮೆಲ್ಲಗೆ ಮಾತಾಡೋರು, ಗೇಟಿನ ಹತ್ರ ನಿಂತು ಕಾಫಿ ಕುಡೀರಿ ಅನ್ನೋರು, ಟೈಮಿಗೆ ಬರದಿದ್ರೆ ಮಾತ್ರ ಒಂದು ಸಲ ವಾಚ್ ನೋಡ್ಕೊಳ್ಳೋರು. ಕಿವಿ ಮಂದ ಇರೋ ಪಾತ್ರವನ್ನ ಮಾಡೋ ನಟ ಎಲ್ಲರಿಗಿಂತ ಜಾಸ್ತಿ ಕೇಳಿಸಿಕೊಳ್ಳಬೇಕು, ಯಾವ ಮಾತು ತಪ್ಪಿಸಬೇಕು, ಯಾವುದು ಅರ್ಧ ಹಿಡೀಬೇಕು, ಅರ್ಧ ಹಿಡಿದಿದ್ದನ್ನ ಯಾವ ನಂಬಿಕೆಯಲ್ಲಿ ತಿರುಗಿ ಹೇಳಬೇಕು, ಒಂದು ಕ್ಷಣ ಆಚೀಚೆ ಆದ್ರೆ ನಗು ಬರಲ್ಲ. ಮೀಸೆಯಲ್ಲಿ ಏನೂ ಇಲ್ಲ ಅದರಲ್ಲಿ.

ಅನಂತ್‌ನಾಗ್ ಹೆಸರು ಬಂತಲ್ಲ, ಉದ್ದದ ವೃತ್ತಿಯ ಮಾತಿಗೆ ಬರ್ತೀನಿ. ಕನ್ನಡದಲ್ಲಿ ಅವರ ಮೊದಲ ಸಿನಿಮಾ ಸಂಕಲ್ಪ, 1973. ಆಮೇಲೆ ವರ್ಷಗಟ್ಟಲೆ ಹೀರೋ, ಗಣೇಶನ ಮದುವೆ ಥರದ ಕಾಮಿಡಿಗಳೂ ಅದರಲ್ಲೇ ಬಂದ್ವು. 2016ರಲ್ಲಿ ಗೋಧಿ ಬಣ್ಣ ಸಾಧಾರಣ ಮೈಕಟ್ಟು, ಮರೆವಿನ ಕಾಯಿಲೆಯ ವೆಂಕೋಬ ರಾವ್, ಆಗ ಅವರಿಗೆ 68ರ ಆಸುಪಾಸು. ಇಡೀ ಸಿನಿಮಾದಲ್ಲಿ ಆ ಮನುಷ್ಯ ಎದುರು ಯಾರಿದ್ದಾರೆ ಅಂತ ಹುಡುಕ್ತಾ ಇರ್ತಾನೆ, ಸಿಕ್ಕಿದ ಮಾತನ್ನ ಹಿಡ್ಕೊಂಡು ತನ್ನೊಳಗಿನ ಯಾವುದೋ ಹಳೇ ಕಾಲಕ್ಕೆ ಹೋಗಿ ಬರ್ತಾನೆ. ಡೈಲಾಗ್ ಎಣಿಸೋರಿಗೆ ಈ ಪಾತ್ರ ಹೇಗೆ ಮಾಡೋದು ಅಂತ ಹೊಳೆಯೋದೇ ಇಲ್ಲ.

ನಾನು ಗಮನಿಸಿದ್ದು ಏನಂದ್ರೆ, ವಯಸ್ಸಾದ ಹಾಗೆ ನಟರಿಗೆ ಸಿಗೋ ಪಾತ್ರಗಳೆಲ್ಲ ಕೇಳಿಸಿಕೊಳ್ಳೋ ಪಾತ್ರಗಳೇ. ಇಪ್ಪತ್ತೈದರಲ್ಲಿ ಓಡೋದು, ಹೊಡೆಯೋದು, ಪ್ರೀತಿ ಹೇಳೋದು. ಐವತ್ತಾದ ಮೇಲೆ ಅಪ್ಪ, ಅಮ್ಮ, ಮೇಷ್ಟ್ರು, ಪಕ್ಕದ ಮನೆ ರಾಯರು. ಇವರೆಲ್ಲ ಮಾಡೋದು ಏನು, ಹೀರೋ ಬಂದು ಹೊಯ್ಕೊಂಡಾಗ ನಿಂತು ಕೇಳೋದು. ಅದು ಕಲಿತಿರದೋರು ಅಲ್ಲಿಗೆ ಮನೆಗೆ ಹೋಗ್ತಾರೆ. ಕೆ.ಎಸ್. ಅಶ್ವಥ್ ಹುಟ್ಟಿದ್ದು 1925, ರಾಜ್‌ಕುಮಾರ್ 1929, ನಾಲ್ಕೇ ವರ್ಷ ದೊಡ್ಡೋರು, ಆದ್ರೂ ಅಪ್ಪನ ಪಾತ್ರ ಅಂದ್ರೆ ಅಶ್ವಥ್ ಅನ್ನೋ ಹಾಗಾಯ್ತು. ನಾಗರಹಾವಿನ ಚಾಮಯ್ಯ ಮೇಷ್ಟ್ರು ಬಂದು ಐವತ್ತು ವರ್ಷ ದಾಟಿತು. ಮೊದಲ ಸಲ ಹೀರೋ ಆಗಿದ್ದ ವಿಷ್ಣುವರ್ಧನ್ ಹುತ್ತದಿಂದ ಎದ್ದ ಹಾವಿನ ಥರ ಬುಸುಗುಡ್ತಾರಲ್ಲ, ಆ ರೋಷ ನಿಜ ಅಂತ ನಮಗೆ ಅನ್ನಿಸೋದು ಮೇಷ್ಟ್ರ ಮುಖ ನೋಡಿ. ಅವರ ಮುಖದಲ್ಲಿ ಭಯ, ಮಮತೆ, ನಾನೇ ಇವನನ್ನ ದಾರಿಗೆ ತರಬಲ್ಲೆ ಅನ್ನೋ ಸಣ್ಣ ಜಂಬ, ಮೂರೂ ಇದೆ.

ಪಂಢರಿಬಾಯಿ ಇನ್ನೂ ಒಳ್ಳೇ ಉದಾಹರಣೆ. 1954ರ ಬೇಡರ ಕಣ್ಣಪ್ಪದಲ್ಲಿ ರಾಜ್‌ಕುಮಾರ್‌ಗೆ ನಾಯಕಿ, ಮುಂದೆ ಅದೇ ರಾಜ್‌ಕುಮಾರ್‌ಗೆ ತಾಯಿ. ಇದನ್ನ ಹೇಳಿದಾಗ ನಮ್ಮ ಹುಡುಗಿಯರು "ಅಯ್ಯೋ ಪಾಪ" ಅಂತಾರೆ. ಪಾಪ ಅನ್ನೋದರಲ್ಲಿ ಅರ್ಥ ಇದೆ, ಹೀರೋಗೆ ವಯಸ್ಸಾಗಲ್ಲ, ಹೀರೋಯಿನ್ನಿಗೆ ಮಾತ್ರ ಆಗುತ್ತೆ, ಈ ಅನ್ಯಾಯ ನಮ್ಮ ಇಂಡಸ್ಟ್ರಿಯಲ್ಲಿ ಇವತ್ತಿಗೂ ಹೋಗಿಲ್ಲ. ಆದ್ರೆ ಆ ತಾಯಿ ಪಾತ್ರದಲ್ಲೂ ನಿಂತು ಕೆಲಸ ಮಾಡಿದ್ರಲ್ಲ, ಅದಕ್ಕೆ ಕೈಮುಗೀಬೇಕು. ಉಮಾಶ್ರೀ ಅವರನ್ನ ವರ್ಷಾನುಗಟ್ಟಲೆ ಕಾಮಿಡಿಗೆ ಕೂಗಿ ಕರೆದ್ರು, ಕಾಸರವಳ್ಳಿಯವರ ಗುಲಾಬಿ ಟಾಕೀಸ್‌ನಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿ ಆದಾಗ ರಾಷ್ಟ್ರ ಪ್ರಶಸ್ತಿ ಬಂತು. ಗುಲಾಬಿ ಪರದೆ ನೋಡ್ತಾ ಕೂತಿರೋ ಸೀನುಗಳನ್ನ ನಾನು ಕ್ಲಾಸಲ್ಲಿ ಹಾಕ್ತೀನಿ. ಬರೀ ನೋಡ್ತಾ ಕೂತಿರೋದು, ಅಷ್ಟೇ, ಅದನ್ನ ನಾವು ಕಣ್ಣು ಮಿಟುಕಿಸದೆ ನೋಡ್ತೀವಿ.

ಹಾಗಂತ ಕೇಳಿಸಿಕೊಳ್ಳೋದು ಕಲಿತರೆ ಐವತ್ತು ವರ್ಷದ ವೃತ್ತಿ ಗ್ಯಾರಂಟಿ ಅಂತ ತಿಳ್ಕೋಬೇಡಿ. ಆರೋಗ್ಯ ಬೇಕು, ಅದೃಷ್ಟ ಬೇಕು, ಹೇಳಿದ ಟೈಮಿಗೆ ಸೆಟ್ಟಿಗೆ ಬರಬೇಕು, ಪೇಮೆಂಟ್ ತಡವಾದಾಗ ಮನೆ ನಡೆಸೋ ಬೇರೆ ದಾರಿ ಇರಬೇಕು. ಚೆನ್ನಾಗಿ ಕೇಳಿಸಿಕೊಳ್ಳೋ ಎಷ್ಟೋ ಕಲಾವಿದರು ಒಂದೆರಡು ಸಿನಿಮಾಕ್ಕೇ ನಿಂತು ಹೋದದ್ದು ನನಗೆ ಗೊತ್ತು. ಅದಕ್ಕೇ ಫೀಸ್ ಕಟ್ಟೋಕೆ ಮುಂಚೆ ಎಲ್ಲರಿಗೂ ಹೇಳ್ತೀನಿ, ತೋಟದ ಕೆಲಸ ಬಿಡಬೇಡಿ, ಡಿಗ್ರಿ ಬಿಡಬೇಡಿ.

ಒಂದು ವಿಷಯ ಹೇಳಲೇಬೇಕು. ಗಾಳಿಬೀಡು ಕಡೆ ಒಂದು ಬೇರೆ ಭಾಷೆಯ ಯೂನಿಟ್ ಬಂದಿತ್ತು, ಒಬ್ಬ ಅಜ್ಜಿ ಬೇಕು ಅಂದ್ರು, ಡೈಲಾಗ್ ಇಲ್ಲ. ಹೀರೋ ಬಂದು ಏನೋ ದುಃಖದ ಸುದ್ದಿ ಹೇಳ್ತಾನೆ, ಅಜ್ಜಿ ಅಳಬೇಕು. ನಮ್ಮ ಪಕ್ಕದೂರಿನ ಒಬ್ಬ ಅಜ್ಜಿಯನ್ನ ಕರ್ಕೊಂಡು ಹೋದೆ, ಕೈಗೆ ಮೊರ ಕೊಟ್ಟು ಕಾಫಿ ಬೀಜ ಆರಿಸ್ತಾ ಕೂತ್ಕೊಳ್ಳಿ ಅಂದ್ರು. ಗ್ಲಿಸರಿನ್ ರೆಡಿ ಇತ್ತು. ಹೀರೋ ಮಾತು ಶುರು ಮಾಡಿದ, ಅಜ್ಜಿ ಬೀಜ ಆರಿಸ್ತಾ ಇದ್ದೋರು ಮಧ್ಯದಲ್ಲಿ ಒಂದು ಬೀಜ ಬೆರಳಲ್ಲಿ ಹಿಡ್ಕೊಂಡವರು ಹಾಗೇ ನಿಲ್ಲಿಸಿದ್ರು, ಅವನ ಮುಖ ನೋಡಿದ್ರು, ಬಾಯಿ ನೋಡಿದ್ರು, ಮತ್ತೆ ಮುಖ ನೋಡಿದ್ರು. ಅಳಲಿಲ್ಲ. ಕಟ್ ಅಂದ ಮೇಲೆ ಡೈರೆಕ್ಟರ್ ಎದ್ದು ಬಂದು ಅಜ್ಜಿಯ ಕಾಲು ಮುಟ್ಟಿದ. ನಾನು ಆಮೇಲೆ ಕೇಳಿದೆ, "ಅಜ್ಜಿ, ಆಗ ಎಂತ ಯೋಚನೆ ಮಾಡಿದ್ರಿ?" ಅದಕ್ಕೆ ಅವರು, "ಆ ಹುಡುಗ ಎಂತ ಹೇಳ್ತಾನೆ ಅಂತಲೇ ಗೊತ್ತಾಗ್ಲಿಲ್ಲ ಮಗಾ, ತೆಲುಗೋ ಏನೋ. ಮುಖ ನೋಡಿದ್ರೆ ಯಾರೋ ತೀರಿಕೊಂಡ ಹಾಗಿತ್ತು, ಯಾರಪ್ಪಾ ಅಂತ ನೋಡ್ತಿದ್ದೆ." ಅಜ್ಜಿಯ ಮೊಮ್ಮಗ ಅಲ್ಲೇ ನಿಂತಿದ್ದ, ಅವನ ಬೇಜಾರು ಬೇರೆ, ಅಜ್ಜಿಗೆ ಒಂದೂ ಮಾತು ಕೊಡ್ಲಿಲ್ಲವಂತೆ.

ಕ್ಲಾಸಲ್ಲಿ ನಾನು ಮಾಡಿಸೋದು ಇದನ್ನೇ, ಬೇರೆ ದೊಡ್ಡ ವಿದ್ಯೆ ಏನಿಲ್ಲ. ಇಬ್ಬರನ್ನ ಎದುರುಬದುರು ಕೂರಿಸಿ ಒಬ್ಬನಿಗೆ ಮಾತ್ರ ವಿಷಯ ಹೇಳ್ತೀನಿ, ಇನ್ನೊಬ್ಬನಿಗೆ ಹೇಳಲ್ಲ. ಅವನು ತನಗೆ ಬೇಕಾದ ಹಾಗೆ ಸುತ್ತಿ ಬಳಸಿ ಹೇಳಬೇಕು, ಇವನು ಏನು ಅಂತ ಕಂಡುಹಿಡೀಬೇಕು, ಬಾಯಿ ಬಿಡೋ ಹಾಗಿಲ್ಲ. ಸುಂಟಿಕೊಪ್ಪ ಕಡೆಯ ಒಬ್ಬ ಹುಡುಗ ಇದ್ದಾನೆ, ಮಿಮಿಕ್ರಿಯಲ್ಲಿ ಪಂಟ, ಮೊದಮೊದಲು ಈ ಆಟ ಅಂದ್ರೆ ಅವನಿಗೆ ಜೀವ ಹೋಗ್ತಿತ್ತು. ಸುಮ್ಮನೆ ಕೂತಾಗ ಕೈ ಎಲ್ಲಿ ಇಡೋದು ಅಂತಲೇ ಗೊತ್ತಾಗ್ತಿರಲಿಲ್ಲ, ಹುಬ್ಬು ಎತ್ತೋದು ಇಳಿಸೋದು ಮಾಡ್ತಿದ್ದ, ಅದೂ ಯಾರದ್ದೋ ಸಿನಿಮಾದ ಹುಬ್ಬೇ. ಈಗ ಪರವಾಗಿಲ್ಲ, ಒಂದೆರಡು ನಿಮಿಷ ಅವನು ಅವನೇ ಆಗಿರ್ತಾನೆ, ಆಮೇಲೆ ಪುನಃ ವಜ್ರಮುನಿ ಬಂದುಬಿಡ್ತಾರೆ.

ಮಳೆಗಾಲ ಮುಗಿದ ಮೇಲೆ ಒಂದು ಯೂನಿಟ್ ಬರೋದಿದೆ, ಐವತ್ತು ದಾಟಿದೋರೇ ಜಾಸ್ತಿ ಬೇಕಂತೆ, ಹೆಂಗಸರು ಗಂಡಸರು ಇಬ್ಬರೂ. ವಿಡಿಯೋ ಕಳಿಸೋರು ಮೊಬೈಲ್ ಅಡ್ಡ ಹಿಡಿದು ತೆಗೀರಿ, ಹಿಂದೆ ಕಿಟಕಿ ಬೇಡ, ಪಕ್ಕದಲ್ಲಿ ಮನೆಯೋರು ಯಾರನ್ನಾದ್ರೂ ನಿಲ್ಲಿಸಿ ಅವರ ಕೈಲಿ ಮನೆಯ ಸುದ್ದಿ ಏನಾದ್ರೂ ಹೇಳಿಸಿ, ನೀವು ಕೇಳ್ತಾ ಇರಿ, ಅಷ್ಟೇ ಸಾಕು. ಡೈಲಾಗ್ ಬೇಡ. ಗಂಡಸರು ಮೀಸೆಗೆ ಕಪ್ಪು ಬಳ್ಕೊಂಡು ಬರಬೇಡಿ, ಹೋದ ಸಲ ಬಿಳಿ ಮೀಸೆ ಅಂತಲೇ ಆರಿಸಿದ್ದ ಇಬ್ಬರು ಶೂಟಿಂಗ್ ದಿನ ಡೈ ಹಾಕ್ಕೊಂಡು ಬಂದು ಮೇಕಪ್‌ನೋನ ಕೈಲಿ ಬೈಸ್ಕೊಂಡ್ರು.