ಸೀಲ್ ಬದಲಿಸುವ ಮೊದಲು ಬ್ರೀದರ್ ನೋಡಿ

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಆದರೂ ಅದನ್ನು, ಹಳೇ ಸುಮೊ, ಕ್ವಾಲಿಸ್, ಬೊಲೆರೊಗಳನ್ನು ಜೋಪಾನವಾಗಿ ಇಟ್ಟುಕೊಂಡವರು ಕೋಲಾರದ ಸುತ್ತಮುತ್ತ ಇನ್ನೂ ಇದ್ದಾರೆ. ಇವೆಲ್ಲ ಹಿಂದಿನ ಚಕ್ರದ ಬಲದಲ್ಲಿ ಓಡುವ ಗಾಡಿಗಳು. ಹಿಂದಿನ ಆಕ್ಸಲ್ ನಡುವೆ ಉಬ್ಬಿಕೊಂಡಿರುವ ಭಾಗವೇ ಡಿಫರೆನ್ಷಿಯಲ್. ಅದರೊಳಗೆ ಕ್ರೌನ್, ಪಿನಿಯನ್ ಎಂಬ ಎರಡು ಹಲ್ಲಿನ ಚಕ್ರಗಳು ಗೇರ್ ಆಯಿಲ್‌ನಲ್ಲಿ ನೆನೆಯುತ್ತಾ ತಿರುಗುತ್ತವೆ. ಅಲ್ಲಿ ಸೋರಿಕೆ ಕಂಡರೆ ಗಾಡಿ ತಂದವರೆಲ್ಲ ಹೇಳುವುದು ಒಂದೇ ಮಾತು: "ಸೀಲ್ ಹೋಗಿದೆ ಅಣ್ಣ, ಹೊಸದು ಹಾಕಿಬಿಡಿ." ಸೀಲ್ ಅಂದರೆ ಎಣ್ಣೆ ಹೊರಗೆ ಬಾರದಂತೆ ತಿರುಗುವ ಶಾಫ್ಟಿನ ಸುತ್ತ ಕೂರುವ ರಬ್ಬರ್ ಬಳೆ. ಹೊಸದು ಹಾಕಬಹುದು. ಆದರೆ ಹಳೆಯದು ಯಾಕೆ ಹೋಯ್ತು ಅಂತ ನೋಡದೆ ಹಾಕಿದರೆ ಹೊಸದೂ ಬೇಗ ಸೋರುತ್ತದೆ.

ಮೊದಲು ಸೋರುವ ಜಾಗ ಹುಡುಕಬೇಕು. ಗಾಡಿ ಓಡುವಾಗ ಎಣ್ಣೆ ಗಾಳಿಗೆ ಹರಡಿ, ಮೇಲೆ ಧೂಳು ಕೂತು, ಇಡೀ ಹೌಸಿಂಗ್, ಅಂದರೆ ಡಿಫರೆನ್ಷಿಯಲ್‌ನ ಹೊರಕವಚ, ಒದ್ದೆಯಾದಂತೆ ಕಾಣುತ್ತದೆ. ಡೀಸೆಲ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ಗೇರ್‌ಬಾಕ್ಸ್‌ನಿಂದ ಬರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಕಡೆ ಜಿನುಗಿದ್ದರೆ ಪಿನಿಯನ್ ಸೀಲ್. ಬೋಲ್ಟುಗಳ ಸುತ್ತ ಇದ್ದರೆ ಎರಡು ಭಾಗ ಸೇರುವಲ್ಲಿ ಕೂರಿಸಿದ ಪ್ಯಾಕಿಂಗ್. ಚಕ್ರದ ಒಳಬದಿಯಲ್ಲಿ ಇಳಿದಿದ್ದರೆ ಆಕ್ಸಲ್ ಸೀಲ್. ಆದರೆ ಬ್ರೇಕ್ ಆಯಿಲ್ ಸೋರಿದರೂ ಅಲ್ಲೇ ಇಳಿಯುತ್ತದೆ. ಬೆರಳಿಗೆ ಹಚ್ಚಿ ಮೂಸಿ ನೋಡಿ. ಗೇರ್ ಆಯಿಲ್ ಮಂದವಾಗಿರುತ್ತದೆ, ಗಂಧಕದ ಗಬ್ಬು ವಾಸನೆ ಹೊಡೆಯುತ್ತದೆ. ಬ್ರೇಕ್ ಆಯಿಲ್ ತೆಳ್ಳಗೆ.

ಇನ್ನು ಬ್ರೀದರ್. ಹೌಸಿಂಗ್ ಮೇಲೆ ಬೆರಳ ತುದಿಯಷ್ಟು ಸಣ್ಣ ಮುಚ್ಚಳ ಇರುತ್ತದೆ, ಕೆಲವು ಗಾಡಿಗಳಲ್ಲಿ ರಬ್ಬರ್ ಪೈಪ್. ಓಡುತ್ತಾ ಎಣ್ಣೆ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಗೆ ಹೋಗುವ ದಾರಿ ಇದೊಂದೇ. ಟೊಮೆಟೊ ತೋಟದ ಮಣ್ಣುದಾರಿಯಿಂದ ಎಪಿಎಂಸಿಗೆ ಓಡಾಡುವ ಗಾಡಿಗಳಲ್ಲಿ ಈ ತೂತು ಕೆಸರು ಒಣಗಿ ಕಲ್ಲಾಗಿರುತ್ತದೆ. ಆಗ ಒತ್ತಡ ಸೀಲಿನ ಅಂಚನ್ನೇ ತಳ್ಳಿ ಎಣ್ಣೆಯನ್ನು ಹೊರಗೆ ಹಾಕುತ್ತದೆ. ಸೀಲ್ ಚೆನ್ನಾಗಿದ್ದರೂ ಸೋರುತ್ತದೆ! ಬಿಚ್ಚಿ, ತೊಳೆದು, ಗಾಳಿ ಆಡುವಂತೆ ಮಾಡಿ. ಎಷ್ಟೋ ಗಾಡಿಗಳಲ್ಲಿ ಸೋರಿಕೆ ಅಲ್ಲಿಗೇ ನಿಲ್ಲುತ್ತದೆ.

ಎಣ್ಣೆ ಜಾಸ್ತಿ ಇದ್ದರೂ ಇದೇ ಕಥೆ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು. ಸಾಮಾನ್ಯವಾಗಿ ಎಣ್ಣೆ ತುಂಬುವ ತೂತಿನ ಕೆಳ ಅಂಚಿನವರೆಗೆ ಇದ್ದರೆ ಸಾಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ. ಹಳೇ ಎಣ್ಣೆ ಇಳಿಸುವ ಮೊದಲು ಮೇಲಿನ, ಎಣ್ಣೆ ತುಂಬುವ ಪ್ಲಗ್ ಬಿಚ್ಚಿಕೊಳ್ಳಿ. ಅದು ಜಾಮ್ ಆಗಿದ್ದು ಕೆಳಗಿನದು ಮಾತ್ರ ಬಿಚ್ಚಿದರೆ, ಎಣ್ಣೆಯೂ ಇಲ್ಲ, ತುಂಬಲು ದಾರಿಯೂ ಇಲ್ಲ. ಇಂಥ ಆಕ್ಸಲ್‌ಗಳಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಮಂದತೆ 80ಡಬ್ಲ್ಯೂ-90ಯೋ 85ಡಬ್ಲ್ಯೂ-140ಯೋ ಅನ್ನೋದನ್ನು ಗಾಡಿಯ ಪುಸ್ತಕ ನೋಡಿ ತೀರ್ಮಾನಿಸಿ.

ಪಿನಿಯನ್ ಸೀಲ್ ನಿಜವಾಗಿಯೂ ಹೋಗಿದ್ದರೆ, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಅದು ಬೋಲ್ಟ್ ಆಗುವ ಪಿನಿಯನ್ ತುದಿಯ ಬಿಲ್ಲೆ, ಅಂದರೆ ಫ್ಲಾಂಜ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಸಡಿಲವಾಗಿ ಅಲುಗಿದರೆ ಬೇರಿಂಗ್ ಸವೆದಿದೆ. ಅದನ್ನು ಸರಿಮಾಡದೆ ಸೀಲ್ ಹಾಕುವುದು ದುಡ್ಡು ದಂಡ. ಆಮೇಲೆ ಫ್ಲಾಂಜ್ ಮೇಲೆ ಸೀಲ್ ಉಜ್ಜುವ ಜಾಗದಲ್ಲಿ ಉಗುರು ಆಡಿಸಿ. ಗೆರೆ ಬಿದ್ದು ಉಗುರು ಸಿಕ್ಕಿಕೊಂಡರೆ ಫ್ಲಾಂಜೂ ಹೊಸದು ಬೇಕು.

ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಹಾಳಾಗುವುದು ಫ್ಲಾಂಜ್ ಹಿಡಿದಿಡುವ ಪಿನಿಯನ್ ನಟ್ ವಿಷಯದಲ್ಲಿ. ಬಹಳಷ್ಟು ಡಿಫರೆನ್ಷಿಯಲ್‌ಗಳಲ್ಲಿ ಈ ನಟ್ ಒಳಗಿನ ತೆಳು ಕೊಳವೆಯೊಂದನ್ನು ಅಮುಕಿ ಬೇರಿಂಗ್‌ನ ಬಿಗಿ ಕೂರಿಸಿರುತ್ತದೆ. ಏರ್ ಗನ್ ಹಿಡಿದು ಗರ್ ಅಂತ ಬಿಗಿದರೆ ಆ ಬಿಗಿ ಮಿತಿ ಮೀರುತ್ತದೆ. ಬೇರಿಂಗ್ ಬಿಸಿಯಾಗುತ್ತದೆ, ಕೊನೆಗೆ ಊಳಿಡುತ್ತದೆ. ಬಿಚ್ಚುವ ಮೊದಲೇ ನಟ್, ಪಿನಿಯನ್ ಶಾಫ್ಟ್, ಫ್ಲಾಂಜ್ ಮೂರಕ್ಕೂ ಗುರುತು ಹಾಕಿ. ಪಿನಿಯನ್ ಎಷ್ಟು ಬಿಗಿಯಾಗಿ ತಿರುಗುತ್ತದೆ ಅನ್ನೋದನ್ನೂ ಅಳೆದುಕೊಳ್ಳಿ. ಕೈ ಸ್ಪ್ಯಾನರ್‌ನಲ್ಲಿ ಬಿಗಿದು ಅದೇ ಅಳತೆಗೆ ತನ್ನಿ. ಅವಸರ ಇರುವವರ ಕೈಗೆ ಈ ಕೆಲಸ ಕೊಡಬೇಡಿ.

ಆಕ್ಸಲ್ ಸೀಲ್ ಸೋರಿದ್ದರೆ ಗಾಡಿ ಓಡಿಸುವುದನ್ನೇ ನಿಲ್ಲಿಸಿ. ಎಣ್ಣೆ ಬ್ರೇಕ್ ಡ್ರಮ್ಮಿಗೆ ಇಳಿದರೆ ಆ ಚಕ್ರ ಹಿಡಿಯುವುದಿಲ್ಲ, ಮಳೆಯಲ್ಲಿ ಗಾಡಿ ಅಡ್ಡ ತಿರುಗುತ್ತದೆ. ಎಣ್ಣೆಯಲ್ಲಿ ನೆನೆದ ಬ್ರೇಕ್ ಲೈನರ್ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ಬೇಡ. ಒಳಗೆ ಹೀರಿದ ಎಣ್ಣೆ ಬಿಸಿಗೆ ಮತ್ತೆ ಮೇಲೆ ಬರುತ್ತದೆ. ಸೋರಿದ್ದು ಒಂದೇ ಕಡೆಯಾದರೂ ಎರಡೂ ಚಕ್ರಕ್ಕೆ ಹೊಸ ಲೈನರ್ ಹಾಕಿಸಿ.