ಟೌನ್ ಅಂದ್ರೆ ಬೇಲಿನಾ, ತೋಟಾನಾ, ಕೋಟೆನಾ?

ಫ್ರೇಜರ್ ಟೌನ್, ಕಾಕ್ಸ್ ಟೌನ್ ಅಂತ ಬೆಂಗಳೂರಲ್ಲಿ ದಿನಾ ಬಾಯಿಗೆ ಬರೋ ಈ ಟೌನ್ ಇದ್ಯಲ್ಲ, ಮೊದಲು ಅದಕ್ಕೂ ಪಟ್ಟಣಕ್ಕೂ ಸಂಬಂಧಾನೇ ಇರ್ಲಿಲ್ಲ. ಹಳೇ ಇಂಗ್ಲಿಷಲ್ಲಿ ಅದು 'ಟೂನ್', ಬೇಲಿ ಸುತ್ತಿದ ಜಾಗ, ಆಮೇಲೆ ಹೊಲಮನೆ, ಆಮೇಲೆ ಹಳ್ಳಿ, ಹಂಗೇ ಬೆಳೀತಾ ಪಟ್ಟಣ ಆಯ್ತು. ಸಟನ್ ಅಂದ್ರೆ ತೆಂಕಣ ಟೂನ್, ನಾರ್ಟನ್ ಅಂದ್ರೆ ಬಡಗಣ ಟೂನ್, ವಾಷಿಂಗ್ಟನ್ ಕೂಡ ಮೂಲದಲ್ಲಿ ಇಂಗ್ಲೆಂಡಿನ ಡರಮ್ ಕಡೆಯ ಒಂದು ಊರು.

ಇದರ ದಾಯಾದಿಗಳು ಒಬ್ಬೊಬ್ರು ಒಂದೊಂದು ದಾರಿ ಹಿಡಿದ್ರು. ಜರ್ಮನ್ನರ 'ತ್ಸೌನ್' ಇವತ್ತಿಗೂ ಬರೀ ಬೇಲಿ, ಡಚ್ಚರು ಬೇಲಿ ಬಿಟ್ಟು ಅದರೊಳಗಿನ ತೋಟಕ್ಕೇ ಆ ಹೆಸರಿಟ್ರು, ಐಸ್‌ಲ್ಯಾಂಡಲ್ಲಿ ಟೂನ್ ಅಂದ್ರೆ ಹುಲ್ಲು ಬೆಳೆಯೋ ಹೊಲ.

ಐರಿಷ್, ವೆಲ್ಷ್ ಥರದ ಕೆಲ್ಟಿಕ್ ಭಾಷೆಗಳ ಕಡೆ ಹೋದ್ರೆ ಇದೇ ಪದ ಕೋಟೆ! ಐರಿಷ್ 'ದೂನ್' ಅಂದ್ರೆ ಕೋಟೆ, ಸ್ಕಾಟ್ಲೆಂಡಿನ ಡಂಬಾರ್ಟನ್ ಅಂದ್ರೆ ಬ್ರಿಟನ್ನರ ಕೋಟೆ (ಕೊನೇಲಿರೋ 'ಟನ್' ನೋಡಿ ಮೋಸ ಹೋಗ್ಬೇಡಿ, ಅಲ್ಲಿ ಕೋಟೆ ಇರೋದು ಮುಂದಿನ 'ಡಂ'ನಲ್ಲಿ). ಕ್ರಿ.ಪೂ. 43ರಲ್ಲಿ ರೋಮನ್ನರು ಕಟ್ಟಿದ ಲುಗ್ದೂನುಮ್, ಅಂದ್ರೆ ಈಗಿನ ಫ್ರಾನ್ಸಿನ ಲಿಯೋನ್, ಅದರಲ್ಲೂ ಇದೇ ದೂನ್. ವೇಲ್ಸ್ ಜನರ 'ದಿನಸ್' ಕೋಟೆಯಿಂದ ಶುರುವಾಗಿ ಈಗ ನಗರ ಅನ್ನೋ ಅರ್ಥಕ್ಕೆ ಬಂದಿದೆ, ಇಂಗ್ಲಿಷಿನವರು ಬೇಲಿಯಿಂದ ಹೊರಟು ಹೆಚ್ಚುಕಮ್ಮಿ ಅಲ್ಲಿಗೇ ಮುಟ್ಟಿದ್ರು.

ಹಾಗಾದ್ರೆ ಯಾರು ಯಾರಿಂದ ತಗೊಂಡ್ರು? ನಂಗೆ ಅತಿ ಇಷ್ಟದ ಭಾಗ ಇದೇ. ಸಂಸ್ಕೃತದ ದಂತ ಇಂಗ್ಲಿಷಲ್ಲಿ ಟೂತ್, ದಶ ಅಂದ್ರೆ ಟೆನ್, ಅಂದ್ರೆ ಇವೆಲ್ಲಕ್ಕೂ ಮೂಲವಾದ ಹಳೇ ಭಾಷೆಯ 'ದ' ಇಂಗ್ಲಿಷ್, ಡಚ್ ಥರದ ಜರ್ಮ್ಯಾನಿಕ್ ಭಾಷೆಗಳಲ್ಲಿ 'ಟ' ಆಯ್ತು, ಇಂಥ ಬದಲಾವಣೆಗಳನ್ನ ಜರ್ಮನ್ ಭಾಷಾಪಂಡಿತ ಯಾಕೋಬ್ ಗ್ರಿಮ್ 1822ರಲ್ಲಿ ನಿಯಮವಾಗಿ ಬರೆದಿಟ್ಟ. ಮೂಲದ 'ಧ' ಮಾತ್ರ 'ಡ' ಆಗುತ್ತೆ, ವಿಧವಾ–ವಿಡೋ ನೋಡಿ. ನಮ್ಮ ಪದದ ಮೂಲದಲ್ಲಿ 'ಧ' ಇತ್ತು ಅಂತ ಹೆಚ್ಚಿನ ಪಂಡಿತರು ಹೇಳ್ತಾರೆ, ನೇರ ಬಂದಿದ್ರೆ ಇಂಗ್ಲಿಷಲ್ಲಿ 'ಡ' ಇರಬೇಕಿತ್ತು, ಇರೋದು 'ಟ'. ಕೆಲ್ಟರ ಬಾಯಲ್ಲಿ 'ಧ' ಮೊದಲು 'ದ' ಆಗಿ, ಆಮೇಲೆ ಜರ್ಮ್ಯಾನಿಕ್ ಜನ ಅದನ್ನ ಎರವಲು ತಗೊಂಡ್ರೆ ಮಾತ್ರ ಲೆಕ್ಕ ಸರಿಹೋಗುತ್ತೆ. ಅದೂ ದ–ಟ ಬದಲಾವಣೆ ಆಗೋಕೆ ಮುಂಚೆನೇ, ಯಾಕಂದ್ರೆ ನಮ್ಮಲ್ಲಿ ಪಾಲು ಹಾಲಾಯ್ತು, ಪಾವು ಹಾವಾಯ್ತು, ಆದ್ರೆ ಎಲ್ಲ ಮುಗಿದ ಮೇಲೆ ಬಂದ ಪೇಪರ್ ಹೇಪರ್ ಆಗ್ಲಿಲ್ಲ ಅಲ್ವಾ.

ಅಂದಹಾಗೆ ಹಳೇ ಇಂಗ್ಲಿಷಲ್ಲಿ 'ಡೂನ್' ಅಂದ್ರೆ ಗುಡ್ಡ, 'ಗುಡ್ಡದಿಂದ ಇಳಿದು' ಅನ್ನೋದೇ ಸವೆದು 'ಡೌನ್' ಆಗಿದ್ದು. ಆ ಡೂನ್ ಕೂಡ ಕೆಲ್ಟರ ದೂನ್ ನೆಂಟನೇ ಅಂತ ಕೆಲವರ ವಾದ, ಅದು ನಿಜ ಆಗಿದ್ರೆ 'ಡೌನ್‌ಟೌನ್' ಅನ್ನೋವಾಗ ಒಂದೇ ಪದಾನ ಎರಡು ಸಲ ಹೇಳ್ತಿದ್ದೀವಿ.