ವ್ಯಾಟ್ ಇಳಿದರೆ ಬಿಲ್ ಇಳಿಯುವುದಿಲ್ಲ

ವೈರಿಂಗ್ ಕೆಲಸಕ್ಕೆ ಹೋದ ಮನೆಗಳಲ್ಲೆಲ್ಲ, ಬಚ್ಚಲುಮನೆಯ ಮಾತು ಬಂದೊಡನೆ ‘ಎರಡು ಕಿಲೋವ್ಯಾಟಿನ ಗೀಸರ್ ಬೇಡ, ಬಿಲ್ ಏರುತ್ತದೆ’ ಎಂಬ ಬುದ್ಧಿಮಾತು ನನಗೆ ಸಿಗುತ್ತದೆ. ಕಿಲೋವ್ಯಾಟ್ ಎಂಬುದು ವಿದ್ಯುತ್ತು ಶಾಖವಾಗಿ ಬದಲಾಗುವ ವೇಗ. ಯೂನಿಟ್ ಎಂಬುದು ಹೀಗೆ ಬದಲಾದ ಒಟ್ಟು ಶಕ್ತಿ, ಅಂದರೆ ಒಂದು ಕಿಲೋವ್ಯಾಟ್ ಒಂದು ಗಂಟೆ ನಡೆದಾಗ ಖರ್ಚಾಗುವ 36 ಲಕ್ಷ ಜೂಲ್. ಹಂಡೆಯ ಒಲೆಗೆ ಸೌದೆಯನ್ನು ಒಟ್ಟಿಗೆ ತುರುಕಿದರೆ ನೀರು ಬೇಗ ಕಾಯುತ್ತದೆ, ಒಂದೊಂದಾಗಿ ಇಟ್ಟರೆ ತಡವಾಗುತ್ತದೆ. ನೀರಿಗೆ ಬೇಕಾದ ಶಾಖ ಮಾತ್ರ ಅಷ್ಟೇ.

ನಿವೃತ್ತ ಮೇಷ್ಟ್ರೊಬ್ಬರು ಗೀಸರ್ ಬಂದ್ ಮಾಡಿ, ಒಂದು ಕಿಲೋವ್ಯಾಟಿನ ಹೀಟರ್ ರಾಡನ್ನು ಬಕೆಟ್ಟಿಗೆ ಇಳಿಬಿಡತೊಡಗಿದ್ದರು. ಎರಡು ತಿಂಗಳಾದರೂ ಬಿಲ್ ಇಳಿಯದಿದ್ದುದರಿಂದ, ಮೀಟರೇ ಕೆಟ್ಟಿದೆಯೆಂದು ಅರ್ಜಿ ಬರೆದಿಟ್ಟಿದ್ದರು. ಮನೆಯ ಉಳಿದೆಲ್ಲ ಸ್ವಿಚ್ಚುಗಳನ್ನು ಆರಿಸಿ, ಅವರನ್ನು ಮೀಟರಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿ, ಮಿಣುಕುವ ಕೆಂಪು ದೀಪವನ್ನು ಎಣಿಸಲು ಹೇಳಿದೆ. ಆ ಮೀಟರಿನಲ್ಲಿ ಒಂದು ಯೂನಿಟ್ಟಿಗೆ 3200 ಮಿಣುಕು. ರಾಡ್ ಹಾಕಿದಾಗ ನಿಮಿಷಕ್ಕೆ ಸುಮಾರು 53, ಗೀಸರ್ ಹಾಕಿದಾಗ 107. ‘ನೋಡಿದಿರಾ, ದುಪ್ಪಟ್ಟು!’ ಎಂದು ಅವರು ಗೆದ್ದವರಂತೆ ತಿರುಗಿದರು. ‘ಎಷ್ಟು ನಿಮಿಷ ಅಂತಲೂ ಬರೆದುಕೊಳ್ಳಿ, ಮೇಷ್ಟ್ರೇ’ ಎಂದೆ. ಹದಿನೈದು ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.61 ಯೂನಿಟ್ ಬೇಕು. ಗೀಸರಿಗೆ ಅದು 18 ನಿಮಿಷದ ಕೆಲಸ, ರಾಡಿಗೆ 37 ನಿಮಿಷದ್ದು. ನಿಮಿಷಗಳನ್ನು ನಿಮಿಷದ ಮಿಣುಕಿನಿಂದ ಗುಣಿಸಿದರೆ ಎರಡೂ ಕಡೆ ಎರಡು ಸಾವಿರ ಮಿಣುಕಿನ ಆಸುಪಾಸು. ಬಾಯ್ತೆರೆದ ಬಕೆಟ್ಟಿನಿಂದ ಆವಿಯಾಗಿ ಹೋಗುವ ಶಾಖವನ್ನು ಸೇರಿಸಿದರೆ ರಾಡಿನ ಲೆಕ್ಕವೇ ತುಸು ಮುಂದು. ಮೇಷ್ಟ್ರು ಗುಣಾಕಾರವನ್ನು ಎರಡು ಸಲ ಮಾಡಿ, ಅರ್ಜಿಯ ಹಿಂಬದಿಯಲ್ಲೇ ಉತ್ತರ ಬರೆದು, ಸುಮ್ಮನಾದರು.

ಖರ್ಚನ್ನು ತೀರ್ಮಾನಿಸುವುದು ಎಷ್ಟು ನೀರು, ಎಷ್ಟು ಡಿಗ್ರಿ, ಎಷ್ಟು ಸೋರಿಕೆ ಎಂಬ ಮೂರೇ ಸಂಗತಿ. ಟ್ಯಾಂಕ್ ಇರುವ ಗೀಸರಿನ ಮೇಲಿನ ಸ್ಟಾರ್‌ಗಳು ಸಹ ಕಾದ ನೀರಿನ ಶಾಖ ಎಷ್ಟು ಕಡಿಮೆ ಸೋರುತ್ತದೆ ಎಂಬುದನ್ನೇ ಹೇಳುತ್ತವೆ. ಇಡೀ ದಿನ ಸ್ವಿಚ್ ಹಾಕಿಟ್ಟು ವ್ಯಾಟನ್ನು ಬಯ್ಯುವವರು ಇದನ್ನು ಗಮನಿಸಬೇಕು.

ಹಾಗೆಂದು ಎಲ್ಲರೂ ಮೂರು ಕಿಲೋವ್ಯಾಟಿನದನ್ನೇ ತನ್ನಿ ಎಂದು ನಾನು ಹೇಳುತ್ತಿಲ್ಲ. ಅದು 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುವುದರಿಂದ, 16 ಆಂಪಿಯರಿನ ಸಾಕೆಟ್, ತಕ್ಕ ದಪ್ಪದ ವೈರು ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು. ಮಂಜೂರಾದ ಲೋಡನ್ನು, ಅಂದರೆ ಮನೆಗೆ ವಿದ್ಯುತ್ ಕಂಪನಿ ಒಪ್ಪಿರುವ ಕಿಲೋವ್ಯಾಟ್ ಮಿತಿಯನ್ನು, ಹೆಚ್ಚಿಸಬೇಕಾಗಿ ಬಂದರೆ ನಿಗದಿತ ಶುಲ್ಕವೂ ಏರುತ್ತದೆ. ಹಳೆಯ ಮನೆಯಾದರೆ, ಕೊಳ್ಳುವ ಮೊದಲು ವೈರಿಂಗ್ ಬಲ್ಲವರಿಗೆ ಒಮ್ಮೆ ತೋರಿಸಿ.